ಮಡಿಕೇರಿಯೋ ಕುಶಾಲನಗರವೋ: ಬಡಾವಣೆ ಕೇಳುವ ಮೊದಲು ನೆಲ ನೋಡಿ

ಪ್ರಶ್ನೆ: ನಾವು ದಾವಣಗೆರೆಯವರು. ನಮ್ಮ ಯಜಮಾನರಿಗೆ ಮಡಿಕೇರಿಯ ಬ್ಯಾಂಕ್ ಶಾಖೆಗೆ ವರ್ಗವಾಗಿದೆ, ಜೂನ್ ಮೊದಲ ವಾರದಲ್ಲಿ ಹಾಜರಾಗಬೇಕು. ನಾನು ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುತ್ತೇನೆ. ಮಗಳು ಈಗ ಐದನೇ ತರಗತಿ. ಅತ್ತೆಯವರಿಗೆ 71 ವರ್ಷ, ಉಬ್ಬಸವಿದೆ, ಮಂಡಿನೋವೂ ಇದೆ. ಮಡಿಕೇರಿಯಲ್ಲೇ ಮನೆ ಮಾಡೋಣವೇ, ಅಥವಾ ಕುಶಾಲನಗರದಲ್ಲಿದ್ದು ಅವರು ದಿನಾ ಓಡಾಡಲೇ? ಯಾವ ಬಡಾವಣೆ ಒಳ್ಳೆಯದು? ಪೇಟೆಯಿಂದ ಆಚೆ ತೋಟದೊಳಗೆ ಕಡಿಮೆ ಬಾಡಿಗೆಗೆ ಒಂದು ಮನೆಯೂ ಸಿಗುತ್ತಿದೆ. ಮುಂದೆ ಸೈಟ್ ಕೊಳ್ಳುವ ಯೋಚನೆಯೂ ಇದೆ.

ಉತ್ತರ: ನೇರವಾಗಿ ಹೇಳುವುದಾದರೆ, ನಿಮ್ಮ ಮನೆಯ ಪರಿಸ್ಥಿತಿಗೆ ಕುಶಾಲನಗರ ಹೆಚ್ಚು ಹೊಂದುತ್ತದೆ. ಆದರೆ ಹೊಳೆಯಿಂದ ದೂರದ, ಎತ್ತರದ ಭಾಗದಲ್ಲಿ, ಅದೂ ಮೊದಲು ಹನ್ನೊಂದು ತಿಂಗಳ ಬಾಡಿಗೆಗೆ ಮಾತ್ರ. ವರ್ಗವಾದಾಗ ಎಲ್ಲರೂ ಕಚೇರಿಗೆ ಹತ್ತಿರದ ಮನೆ ಹುಡುಕುತ್ತಾರೆ. ಯಜಮಾನರು ಮನೆಯಲ್ಲಿರುವುದು ರಾತ್ರಿ ಮತ್ತು ಭಾನುವಾರ. ಇಡೀ ದಿನ ಆ ಗೋಡೆಗಳ ನಡುವೆ ಇರುವವರು ನೀವು ಮತ್ತು ಅತ್ತೆಯವರು. ಆದ್ದರಿಂದ ಮನೆ ಅವರ ಉಸಿರಿಗೆ, ನಿಮ್ಮ ಕೆಲಸಕ್ಕೆ ಸರಿಹೋಗಬೇಕು.

ಎರಡು ಊರುಗಳ ನಡುವೆ ಇರುವುದು ಸುಮಾರು 30 ಕಿ.ಮೀ. ಹವೆಯಲ್ಲಿ ಮಾತ್ರ ಅಜಗಜಾಂತರ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗಿಂತ ಎತ್ತರದಲ್ಲಿದೆ, ಪಶ್ಚಿಮದಿಂದ ಬರುವ ಮುಂಗಾರು ಮೊದಲು ಬಡಿಯುವುದು ಆ ಬೆಟ್ಟಸಾಲಿಗೇ. ವರ್ಷಕ್ಕೆ ಸರಾಸರಿ 3,000 ಮಿ.ಮೀ.ಗೂ ಮೇಲೆ ಮಳೆ, ಅಂದರೆ ಇಲ್ಲಿನವರ ಲೆಕ್ಕದಲ್ಲಿ 120 ಇಂಚಿನ ಆಸುಪಾಸು. ಕುಶಾಲನಗರ ಬೆಟ್ಟ ಇಳಿದ ಮೇಲೆ ಸಿಗುವ, ಸುಮಾರು 830 ಮೀಟರ್ ಎತ್ತರದ ಬಯಲು. ಮಳೆ ಮಡಿಕೇರಿಯ ಅರ್ಧಕ್ಕಿಂತಲೂ ಕಡಿಮೆ. ಜುಲೈನಲ್ಲಿ ಮಡಿಕೇರಿಯಲ್ಲಿ ವಾರಗಟ್ಟಲೆ ಬಟ್ಟೆ ಒಣಗದೆ ಮಂಜು ಕವಿದಿರುವಾಗ ಕುಶಾಲನಗರದಲ್ಲಿ ಮಧ್ಯೆ ಮಧ್ಯೆ ಬಿಸಿಲು ಬಿದ್ದಿರುತ್ತದೆ. ಉಬ್ಬಸ ಇರುವವರಿಗೆ ಈ ವ್ಯತ್ಯಾಸ ದೊಡ್ಡದು. ಚಳಿಗಿಂತ ತೇವದ ಗೋಡೆಯಲ್ಲಿ ಬೆಳೆಯುವ ಬೂಷ್ಟು ಅವರಿಗೆ ಹೆಚ್ಚು ತೊಂದರೆ ಕೊಡುತ್ತದೆ. ನಿಮ್ಮ ಊರಿನ ಒಣಹವೆಗೆ ಒಗ್ಗಿದ ದೇಹಕ್ಕಂತೂ ಮೊದಲ ಮಳೆಗಾಲ ಕಷ್ಟವೇ.

ಇನ್ನೊಂದು ಅನುಕೂಲವೆಂದರೆ ಕುಶಾಲನಗರದಿಂದ ಮೈಸೂರು ಸುಮಾರು 90 ಕಿ.ಮೀ., ಮಡಿಕೇರಿಯಿಂದ ಸುಮಾರು 120. ಕೊಡಗಿನಲ್ಲಿ ರೈಲಿಲ್ಲ. ದೊಡ್ಡ ಆಸ್ಪತ್ರೆ ಎಂದರೆ ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಅಲ್ಲಿ ಆಗದ್ದಕ್ಕೆ ಮೈಸೂರು ಅಥವಾ ಸಂಪಾಜೆ ಘಾಟಿ ಇಳಿದು ಸುಳ್ಯ, ಮಂಗಳೂರು. ಘಾಟಿ ರಸ್ತೆ ಮಳೆಗಾಲದಲ್ಲಿ ಯಾವಾಗ ಬಂದ್ ಆಗುತ್ತದೆಂದು ಹೇಳಲಾಗದು; ಮೈಸೂರು ಕಡೆಯ ದಾರಿ ಬಹುಮಟ್ಟಿಗೆ ತೆರೆದಿರುತ್ತದೆ.

ಈಗ ಕುಶಾಲನಗರದ ದೋಷ. ಅದು ಕಾವೇರಿಯ ದಡದ ಊರು. ಹೊಳೆ ಊರನ್ನು ಬಳಸಿ ಮುಂದೆ ಹೋಗಿ ಕೂಡಿಗೆಯಲ್ಲಿ ಹಾರಂಗಿಯನ್ನು ಸೇರಿಸಿಕೊಳ್ಳುತ್ತದೆ. ಹಾರಂಗಿ ಅಣೆಕಟ್ಟಿನ ಗರಿಷ್ಠ ಮಟ್ಟ 2,859 ಅಡಿ. ಅದು ತುಂಬಿ ಗೇಟ್ ತೆರೆದಾಗ ಸಂಗಮದಲ್ಲಿ ನೀರು ಏರುತ್ತದೆ. ಅದೇ ಹೊತ್ತಿಗೆ ಭಾಗಮಂಡಲದ ಕಡೆಯಿಂದ ಕಾವೇರಿಯೂ ತುಂಬಿ ಬಂದರೆ ಮುಂದೆ ಸಾಗಲು ಎಡೆ ಸಾಲದೆ ನೀರು ಹಿಂದಕ್ಕೆ ಒತ್ತಿ ತಗ್ಗಿನ ಬಡಾವಣೆಗಳಿಗೆ ನುಗ್ಗುತ್ತದೆ. ಊರಲ್ಲಿ ಹನಿ ಮಳೆ ಇಲ್ಲದ ದಿನವೂ ಹೀಗಾಗಬಹುದು, ಏಕೆಂದರೆ ಮಳೆ ಸುರಿದಿರುವುದು ಮೇಲೆ ಬೆಟ್ಟದಲ್ಲಿ. 2018 ಮತ್ತು 2019ರ ಆಗಸ್ಟ್‌ಗಳಲ್ಲಿ ಸಾಯಿ ಬಡಾವಣೆ, ಕುವೆಂಪು ಬಡಾವಣೆಗಳಲ್ಲಿ ಮನೆಯೊಳಗೆ ನೀರು ನಿಂತಿತ್ತು. ಈ ಕಡೆಯ ಮನೆಗಳು ನೋಡಲು ಚೆನ್ನಾಗಿವೆ, ಹೊಸವು, ರಸ್ತೆಯೂ ಅಗಲ. ಹೊಸಬರು ಮರುಳಾಗುವುದು ಇಲ್ಲೇ.

ಏಪ್ರಿಲ್–ಮೇ ತಿಂಗಳಲ್ಲಿ ಮನೆ ನೋಡಲು ಬರುವವರಿಗೆ ಹೊಳೆ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿರುವುದು ಕಾಣುತ್ತದೆ, ಪ್ರವಾಹ ನಂಬಲಿಕ್ಕೇ ಆಗುವುದಿಲ್ಲ. ಆಗ ಗುರುತುಗಳನ್ನು ಓದಬೇಕು. ಕಾಂಪೌಂಡ್ ಗೋಡೆಯ ಮೇಲೆ ಒಂದೇ ಎತ್ತರದಲ್ಲಿ ಸಾಲು ಮನೆಗಳಿಗೂ ಹಬ್ಬಿದ ಕಂದು ಗೆರೆ ಇದೆಯೇ? ಕರೆಂಟ್ ಮೀಟರ್ ಬೋರ್ಡನ್ನು ಹಳೆಯ ಜಾಗದಿಂದ ಕಿತ್ತು ಮೇಲಕ್ಕೆ ಏರಿಸಿದ್ದಾರೆಯೇ? ಗೋಡೆಯ ಕೆಳಗಿನ ಮೂರ್ನಾಲ್ಕು ಅಡಿಗೆ ಮಾತ್ರ ಹೊಸ ಗಾರೆ, ಹೊಸ ಬಣ್ಣ ಬಳಿದಿದ್ದಾರೆಯೇ? ಗೇಟಿನ ಕೆಳಭಾಗ ಮಾತ್ರ ತುಕ್ಕು ತಿಂದಿದೆಯೇ? ಇವುಗಳಲ್ಲಿ ಎರಡು ಕಂಡರೂ ಮನೆ ಬಿಡಿ. ಮಾಲೀಕರನ್ನು “ಇಲ್ಲಿ ನೀರು ಬರುತ್ತದಾ?” ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ. ಬೀದಿಯ ಕೊನೆಯ ಅಂಗಡಿಯವರನ್ನು “2018ರಲ್ಲಿ ನೀರು ಎಲ್ಲಿಯವರೆಗೆ ಬಂತು?” ಎಂದು ಕೇಳಿ, ಅವರು ಕೈ ತೋರಿಸಿಯೇ ಹೇಳುತ್ತಾರೆ. ಆ ಗೆರೆಗಿಂತ ಹೊಸ್ತಿಲು ಕನಿಷ್ಠ ಐದಾರು ಅಡಿ ಮೇಲಿರುವ ಮನೆಯನ್ನಷ್ಟೇ ಒಪ್ಪಿಕೊಳ್ಳಿ. ಗದ್ದೆ ತುಂಬಿಸಿ ಮಾಡಿದ ಲೇಔಟುಗಳಲ್ಲಿ ಹೊಳೆ ದೂರವಿದ್ದರೂ ನೀರು ನಿಲ್ಲುತ್ತದೆ, ಗದ್ದೆ ಮೊದಲಿನಿಂದಲೂ ನೀರು ನಿಲ್ಲಿಸಲೆಂದೇ ಸಮ ಮಾಡಿದ ಜಾಗ. ಸಂಪಿನ ಬಾಯಿ ನೆಲಮಟ್ಟದಲ್ಲಿದ್ದರೆ ಮೊದಲು ಕೊಳಕಾಗುವುದು ಕುಡಿಯುವ ನೀರು.

ಮಡಿಕೇರಿ ರಸ್ತೆಯಲ್ಲಿ ಮೇಲಕ್ಕೆ ಏರುವ ಭಾಗ, ಬೈಚನಹಳ್ಳಿಯಿಂದ ಮಾದಾಪಟ್ಟಣದತ್ತ ಇರುವ ಎತ್ತರದ ಬೀದಿಗಳು ನೀವು ಮೊದಲು ನೋಡಬೇಕಾದ ಜಾಗ. ಅಲ್ಲಿಯೂ ತೋಡಿನ (ಸಣ್ಣ ಹಳ್ಳದ) ಪಕ್ಕದ ಮನೆ ಬೇಡ. ಕೂಡ್ಲೂರು ಕೈಗಾರಿಕಾ ಪ್ರದೇಶದ ಹತ್ತಿರ ಬಾಡಿಗೆ ಅಗ್ಗವಾಗಿ ಸಿಕ್ಕರೂ ನಿಮಗೆ ಬೇಡ. ಅಲ್ಲಿ ಕಾಫಿ ಕ್ಯೂರಿಂಗ್ ಕಾರ್ಖಾನೆಗಳಿವೆ. ಸಿಪ್ಪೆ ಸುಲಿಯುವ ದೂಳು, ಲಾರಿಗಳ ದೂಳು ಉಬ್ಬಸದವರಿಗೆ ಆಗದು.

ಇಷ್ಟೆಲ್ಲ ಹೇಳಿದ ಮೇಲೂ ನೀವು ಮಡಿಕೇರಿಯನ್ನೇ ಆರಿಸಬೇಕಾದ ಒಂದು ಸಂದರ್ಭವಿದೆ: ಮಗಳ ಶಾಲೆ. ಮಡಿಕೇರಿಯಲ್ಲಿ ಕೇಂದ್ರೀಯ ವಿದ್ಯಾಲಯವಿದೆ. ಯಜಮಾನರದು ಸರ್ಕಾರಿ ಬ್ಯಾಂಕಾದರೆ ಪ್ರವೇಶದಲ್ಲಿ ಆದ್ಯತೆಯ ವರ್ಗಕ್ಕೆ ಬರುತ್ತೀರಿ, ಆದರೆ ಮೇಲಿನ ತರಗತಿಗಳಿಗೆ ಸೀಟು ಖಾಲಿ ಇದ್ದರೆ ಮಾತ್ರ. ಮನೆ ಗೊತ್ತುಮಾಡುವ ಮುನ್ನ ಶಾಲೆಗೆ ಹೋಗಿ ವಿಚಾರಿಸಿ. ಹತ್ತು ವರ್ಷದ ಮಗು ದಿನಾ 30 ಕಿ.ಮೀ. ಘಟ್ಟ ಹತ್ತಿ ಇಳಿಯುವುದು ಬೇಡವೇ ಬೇಡ, ಶಾಲೆ ಯಾವ ಊರಲ್ಲೋ ಮನೆಯೂ ಅದೇ ಊರಲ್ಲಿರಬೇಕು. ಇದೇ ವರ್ಷ ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಗಾಳಿಬೀಡಿನ ಜವಾಹರ ನವೋದಯಕ್ಕೂ ಕೂಡಿಗೆಯ ಸೈನಿಕ ಶಾಲೆಗೂ ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಇದೆ. ಸೈನಿಕ ಶಾಲೆಗೆ ಈಗ ಹೆಣ್ಣುಮಕ್ಕಳನ್ನೂ ಸೇರಿಸಿಕೊಳ್ಳುತ್ತಾರೆ. ನವೋದಯದ ನಿಯಮದ ಪ್ರಕಾರ ಮಗು ಅದೇ ಜಿಲ್ಲೆಯ ಶಾಲೆಯಲ್ಲಿ ಐದನೇ ತರಗತಿ ಓದುತ್ತಿರಬೇಕು. ವರ್ಗಾವಣೆ ಪತ್ರ ತರುವುದು ತಡವಾದರೆ ಈ ಅವಕಾಶ ತಪ್ಪುತ್ತದೆ.

ಮಡಿಕೇರಿಯಾದರೆ ಬಡಾವಣೆಯ ಹೆಸರಿಗಿಂತ ಮನೆಯ ಹಿಂದೆ ಮುಂದೆ ಏನಿದೆ ಎಂಬುದೇ ಮುಖ್ಯ. ಊರೇ ಇಳಿಜಾರಿನ ಮೇಲಿದೆ. ಗುಡ್ಡ ಕಡಿದು ಮಟ್ಟ ಮಾಡಿದ ಜಾಗದಲ್ಲಿ ಮನೆ, ಹಿಂದೆ ಕಡಿದ ಗುಡ್ಡದ ನೆಟ್ಟಗೆ ನಿಂತ ಮಣ್ಣಿನ ಗೋಡೆ (ಇದನ್ನೇ ಬರೆ ಎನ್ನುವುದು), ಮುಂದೆ ಆ ಕಡಿದ ಮಣ್ಣನ್ನೇ ಸುರಿದ ಅಂಗಳ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹೆಬ್ಬೆಟ್ಟಗೇರಿ, ಜೋಡುಪಾಲ, ಮೊಣ್ಣಂಗೇರಿಗಳಲ್ಲಿ ಗುಡ್ಡಗಳೇ ಜರಿದವು. ನಗರದೊಳಗೆ ಇಂದಿರಾನಗರ, ಚಾಮುಂಡೇಶ್ವರಿನಗರ, ಮಂಗಳಾದೇವಿನಗರದ ಇಳಿಜಾರುಗಳಲ್ಲಿ ಮನೆಗಳು ಹೋದವು. ಆ ಬಡಾವಣೆಗಳಲ್ಲಿ ಗಟ್ಟಿ ನೆಲದ ಮನೆಗಳೂ ಇವೆ, ಒಳ್ಳೆಯ ಹೆಸರಿನ ಬಡಾವಣೆಯಲ್ಲಿ ಬರೆಯ ಬುಡದ ಮನೆಗಳೂ ಇವೆ. ಹಾಗಾಗಿ ಪ್ರತಿ ಮನೆಯನ್ನೂ ಬೇರೆಯಾಗಿ ನೋಡಬೇಕು.

ಬರೆಯ ಬುಡದಿಂದ ಮನೆಗೆ ಕನಿಷ್ಠ ಬರೆಯ ಎತ್ತರದಷ್ಟು ಅಂತರವಿರಲಿ: ಹದಿನೈದು ಅಡಿ ಬರೆಗೆ ಹದಿನೈದು ಅಡಿ. ಪೇಟೆಯಲ್ಲಿ ಇಷ್ಟು ಸಿಗುವುದು ಅಪರೂಪ. ಸಿಗದಿದ್ದರೆ ತಡೆಗೋಡೆ ನೋಡಿ. ಗೋಡೆ ಗಟ್ಟಿಯಿದೆಯೇ ಎಂಬುದು ದಪ್ಪದಿಂದ ತಿಳಿಯುವುದಿಲ್ಲ, ಅದರಲ್ಲಿ ಇಟ್ಟಿರುವ ನೀರಿನ ಪೈಪುಗಳು ಹೇಳುತ್ತವೆ. ಗೋಡೆಯ ಹಿಂದಿನ ಮಣ್ಣು ಮಳೆ ಕುಡಿದು ಭಾರವಾಗುತ್ತದೆ. ಆ ನೀರು ಹೊರಬರಲು ಸುಮಾರು ಐದು ಅಡಿಗೊಂದರಂತೆ ಮೂರ್ನಾಲ್ಕು ಇಂಚಿನ ಪೈಪುಗಳಿರಬೇಕು. ಜೋರು ಮಳೆಯ ದಿನ ಅವುಗಳಿಂದ ತಿಳಿನೀರು ಹನಿಯುತ್ತಿದ್ದರೆ ಗೋಡೆ ತನ್ನ ಕೆಲಸ ಮಾಡುತ್ತಿದೆ. ಪೈಪು ಒಣಗಿದ್ದು ಕಲ್ಲಿನ ಸಂದುಗಳಲ್ಲಿ ನೀರು ಜಿನುಗುತ್ತಿದ್ದರೆ ಪೈಪು ಕಟ್ಟಿಕೊಂಡಿದೆ, ಒತ್ತಡ ಗೋಡೆಯ ಮೇಲೆ ಬೀಳುತ್ತಿದೆ. ಕೆಂಪು ಕೆಸರು ನೀರು ಬರುತ್ತಿದ್ದರೆ ಹಿಂದಿನ ಮಣ್ಣೇ ಕೊಚ್ಚಿಹೋಗುತ್ತಿದೆ, ಮೂರರಲ್ಲಿ ಇದು ಅತ್ಯಂತ ಅಪಾಯದ್ದು. ಬೇಸಿಗೆಯಲ್ಲಿ ನೋಡುವುದಾದರೆ ಪೈಪಿನೊಳಗೆ ಕಡ್ಡಿ ತೂರಿಸಿ, ಮಣ್ಣು ಕಲ್ಲಾಗಿ ಕುಳಿತಿದೆಯೇ ನೋಡಿ. ಪೈಪಿನ ಕೆಳಗೆ ಗೋಡೆಯ ಮೇಲೆ ಬಿದ್ದ ಕಲೆಯ ಬಣ್ಣವೂ ಕಥೆ ಹೇಳುತ್ತದೆ: ಹಸಿರು ಕಪ್ಪು ಪಾಚಿಯಾದರೆ ಚಿಂತೆಯಿಲ್ಲ, ಕೆಂಪು ಗೆರೆಯಾದರೆ ಅನುಮಾನಿಸಿ. ಗೋಡೆಯ ನಡುಭಾಗ ಹೊಟ್ಟೆಯಂತೆ ಮುಂದಕ್ಕೆ ಬಂದಿದ್ದರೆ ಮಾತೇ ಬೇಡ.

ಬರೆಯ ಮೇಲುಭಾಗಕ್ಕೂ ಹತ್ತಿ ನೋಡಿ. ಅಂಚಿಗೆ ಸಮಾನಾಂತರವಾಗಿ ಬಿರುಕು ಬಿಟ್ಟಿದೆಯೇ, ಮೇಲಿನ ಮನೆಯ ಬಚ್ಚಲ ನೀರು, ಚಾವಣಿ ನೀರು ನೇರ ಇದೇ ಮಣ್ಣಿಗೆ ಇಳಿಯುತ್ತಿದೆಯೇ, ಶೌಚದ ಪಿಟ್ ಅಲ್ಲೇ ಇದೆಯೇ? ಮರಗಳ ಬುಡ ಬಾಗಿ ತುದಿ ನೆಟ್ಟಗಾಗಿದ್ದರೆ ಆ ಇಳಿಜಾರು ನಿಧಾನವಾಗಿ ಜಾರುತ್ತಿದೆ. ಮುಂದಿನ ಅಂಗಳದಲ್ಲಿ ಸಿಮೆಂಟ್ ನೆಲ ಮನೆಯಿಂದ ಬೇರ್ಪಟ್ಟು ಬೆರಳು ತೂರುವಷ್ಟು ಸಂದು ಬಿಟ್ಟಿದ್ದರೆ ತುಂಬಿಸಿದ ಮಣ್ಣು ಕುಸಿಯುತ್ತಿದೆ ಎಂದರ್ಥ.

ಅತ್ತೆಯವರ ಮಂಡಿಯ ದೃಷ್ಟಿಯಿಂದ ಮೆಟ್ಟಿಲು ಎಣಿಸಿ. ಮಡಿಕೇರಿಯಲ್ಲಿ ಎಷ್ಟೋ ಮನೆಗಳು ರಸ್ತೆಯಿಂದ ಇಪ್ಪತ್ತು ಮೂವತ್ತು ಮೆಟ್ಟಿಲು ಕೆಳಗೋ ಮೇಲೋ ಇವೆ, ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತವೆ. ಆಂಬುಲೆನ್ಸ್ ಬಾಗಿಲವರೆಗೆ ಬರುವ ಮನೆ ಬೇಕು. ಆಟೊದವರನ್ನು ಕರೆದುಕೊಂಡೇ ಮನೆ ನೋಡಲು ಹೋಗಿ. “ಮಳೆಯಲ್ಲಿ ಈ ಇಳಿಜಾರಿಗೆ ಬರಲ್ಲ” ಎಂದು ಅವರೇ ಹೇಳಿಬಿಡುತ್ತಾರೆ. ಹೊಸ ಬಡಾವಣೆ ಎಂದೇ ಹೆಸರಿರುವ ಬಡಾವಣೆ, ಕಾಲೇಜು ರಸ್ತೆಯ ಸುತ್ತ ಒಂದಿಷ್ಟು ಸಮತಟ್ಟು ಜಾಗಗಳಿವೆ, ಅಲ್ಲಿಂದ ಶುರುಮಾಡಿ. ರಾಜಾಸೀಟ್ ಸುತ್ತಮುತ್ತ ಮತ್ತು ಮಹದೇವಪೇಟೆ ದಾಟಿ ಗದ್ದುಗೆ ಕಡೆಗೆ ಹೋಗುವ ಅಬ್ಬಿ ರಸ್ತೆಯಲ್ಲಿ ಶನಿವಾರ ಭಾನುವಾರ ಪ್ರವಾಸಿಗರ ಕಾರುಗಳ ಸಾಲು. ಪಕ್ಕದ ಮನೆ ಹೋಂಸ್ಟೇ ಆಗಿದ್ದರೆ ವಾರಾಂತ್ಯದ ನಿದ್ದೆ ಹೋಯಿತು. ಮಂಗಳವಾರ ಮಧ್ಯಾಹ್ನ ನೋಡಿದ ಬೀದಿಯನ್ನು ಶನಿವಾರ ರಾತ್ರಿ ಮತ್ತೊಮ್ಮೆ ನೋಡಿ. ದಸರೆಯ ದಶಮಂಟಪಗಳ ಮೆರವಣಿಗೆಯ ರಾತ್ರಿ ಮಾತ್ರ ಇಡೀ ಊರೇ ಎಚ್ಚರವಿರುತ್ತದೆ. ಅದು ವರ್ಷಕ್ಕೊಂದು ರಾತ್ರಿ, ಅದಕ್ಕಾಗಿ ಮನೆ ಬದಲಿಸಬೇಕಿಲ್ಲ.

ತೇವದ ಪರೀಕ್ಷೆ ಎರಡೂ ಊರುಗಳಿಗೆ ಬೇಕು. ಮುಂಗಾರಿನ ಗಾಳಿ ಪಶ್ಚಿಮ ಮತ್ತು ನೈಋತ್ಯದಿಂದ ಮಳೆಯನ್ನು ಅಡ್ಡಡ್ಡಲಾಗಿ ಗೋಡೆಗೆ ಎರಚುತ್ತದೆ. ಆ ಬದಿಯ ಗೋಡೆಗೆ ಹೊರಗಿನಿಂದ ಶೀಟ್ ಹೊದಿಸಿದ್ದರೆ, ತಾರಸಿಯ ಮೇಲೆ ಶೀಟಿನ ಚಾವಣಿ ಇದ್ದರೆ ಅದು ಮಳೆ ಬಲ್ಲವರು ಕಟ್ಟಿದ ಮನೆ. ಅತ್ತೆಯವರ ಕೋಣೆ ಪೂರ್ವಕ್ಕೋ ದಕ್ಷಿಣಕ್ಕೋ ಕಿಟಕಿ ಇರುವಂಥದ್ದಾಗಲಿ. ನೈಋತ್ಯದ ಕೋಣೆಯ ಗೋಡೆ ಬೀರುವಿನ ಬಾಗಿಲು ತೆರೆದು ಮೂಸಿ. ಹೊಸ ಬಣ್ಣ ಬಳಿದರೂ ಮುಗ್ಗಲು ವಾಸನೆ ಬೀರುವಿನೊಳಗೆ ಉಳಿದಿರುತ್ತದೆ. ಮಾಲೀಕರು ಒಪ್ಪಿದರೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಅಂಚು ಟೇಪ್ ಮಾಡಿ ಒಂದು ದಿನ ಬಿಡಿ. ಹಾಳೆಯ ಒಳಬದಿ ಬೆವರಿದರೆ ನೀರು ಗೋಡೆಯಲ್ಲಿದೆ. ಅದಕ್ಕೆ ನೀವು ಏನೂ ಮಾಡಲಾಗದು. ಹೊರಬದಿ ಬೆವರಿದರೆ ಕೋಣೆಯ ಗಾಳಿಯಲ್ಲಿ ತೇವವಿದೆ; ಅದನ್ನು ಕಿಟಕಿ, ಎಕ್ಸಾಸ್ಟ್ ಫ್ಯಾನು, ತೇವ ಹೀರುವ ಯಂತ್ರದಿಂದ ಹಿಡಿತಕ್ಕೆ ತರಬಹುದು. ಬಟ್ಟೆ ಒಣಗಿಸಲು ಮಲಗುವ ಕೋಣೆಯಿಂದ ದೂರ ಶೀಟಿನಡಿ ಜಾಗ ಇರಲೇಬೇಕು. ಬಚ್ಚಲಲ್ಲಿ ಸೌದೆ ಒಲೆ ಮಾತ್ರ ಇದ್ದರೆ ಹೊಗೆ ಎತ್ತ ಹೋಗುತ್ತದೆ ನೋಡಿ. “ಸೋಲಾರ್ ಇದೆ” ಎನ್ನುವ ಮಾತಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಲೆ ಇಲ್ಲ, ಗೀಸರ್ ಕೇಳಿ.

ನಿಮ್ಮ ಕೆಲಸಕ್ಕೆ ಕರೆಂಟು ಮತ್ತು ನೆಟ್. ಗಾಳಿ ಮಳೆಗೆ ಮರ ಲೈನಿನ ಮೇಲೆ ಬಿದ್ದರೆ ಪೇಟೆಯಲ್ಲಿ ಕೆಲವು ಗಂಟೆ, ಹಳ್ಳಿಯಲ್ಲಿ ದಿನಗಟ್ಟಲೆ ಕತ್ತಲೆ. ಲ್ಯಾಪ್‌ಟಾಪ್, ರೌಟರ್, ಎರಡು ದೀಪ ಸೇರಿ 120 ವ್ಯಾಟ್ ಎಂದುಕೊಂಡರೆ 150 ಎಎಚ್ ಬ್ಯಾಟರಿಯ ಇನ್ವರ್ಟರ್ ಎಂಟು ಹತ್ತು ಗಂಟೆ ಬರುತ್ತದೆ, ಒಂದು ದಿನದ ಕೆಲಸ ಸಾಗುತ್ತದೆ. ಆದರೆ ನಿಮ್ಮ ಮನೆಯಲ್ಲಿ ಕರೆಂಟ್ ಇದ್ದರೆ ಸಾಲದು, ಮೊಬೈಲ್ ಟವರಿನ ಬ್ಯಾಟರಿಯೂ ಉಳಿದಿರಬೇಕು. ನೆರೆಯವರನ್ನು “ಕರೆಂಟ್ ಹೋದ ಮೇಲೆ ನೆಟ್‌ವರ್ಕ್ ಎಷ್ಟು ಹೊತ್ತು ಇರುತ್ತದೆ?” ಎಂದೇ ಕೇಳಿ. ಫೈಬರ್ ಒಂದು ಕಂಪನಿಯದು, ಸಿಮ್ ಬೇರೆ ಕಂಪನಿಯದು ಇಟ್ಟುಕೊಳ್ಳಿ. ಫೈಬರ್ ಕೇಬಲ್ ಎಳೆದಿರುವುದೂ ಬಹುಪಾಲು ಕರೆಂಟ್ ಕಂಬಗಳ ಮೇಲೆಯೇ, ಮರ ಬಿದ್ದರೆ ಕರೆಂಟೂ ಫೈಬರೂ ಒಟ್ಟಿಗೆ ಹೋಗುತ್ತವೆ. ಸಿಗ್ನಲ್ಲನ್ನು ಅಂಗಳದಲ್ಲಲ್ಲ, ನೀವು ಕೆಲಸ ಮಾಡುವ ಕೋಣೆಯಲ್ಲಿ ಕಿಟಕಿ ಮುಚ್ಚಿ ನೋಡಿ. ವಿದ್ಯುತ್ ದೂರಿಗೆ 1912.

ಮಳೆ ನಾಡಿನಲ್ಲಿ ನೀರಿಗೇನು ಕೊರತೆ ಎಂದುಕೊಳ್ಳಬೇಡಿ. ಮಡಿಕೇರಿಗೆ ಕೂಟುಹೊಳೆಯಿಂದ ನೀರು ಬರುತ್ತದೆ, ಮಾರ್ಚ್ ಏಪ್ರಿಲ್‌ನಲ್ಲಿ ಹೊಳೆ ಸೊರಗುತ್ತದೆ. ನಾಲ್ಕು ಜನಕ್ಕೆ ದಿನಕ್ಕೆ ಸುಮಾರು 540 ಲೀಟರ್ ಬೇಕು; ಚಾವಣಿಯ 1,000 ಲೀಟರ್ ಟ್ಯಾಂಕ್ ಎರಡು ದಿನಕ್ಕೂ ಸಾಲದು. ಬೇಸಿಗೆಯಲ್ಲಿ ಎಷ್ಟು ದಿನಕ್ಕೊಮ್ಮೆ ನಲ್ಲಿ ಬರುತ್ತದೆಂದು ಕೇಳಿ, ಅದರ ಮೇಲೆ ಸಂಪು ಎಷ್ಟು ದೊಡ್ಡದಿರಬೇಕೆಂದು ಲೆಕ್ಕ ಹಾಕಿ.

ಯಜಮಾನರ ಓಡಾಟ: ಕುಶಾಲನಗರ–ಮಡಿಕೇರಿ ನಡುವೆ ಮೈಸೂರು ಬಸ್ಸುಗಳೂ ಸೇರಿ ಸರ್ಕಾರಿ ಬಸ್ಸು ಸಾಕಷ್ಟಿವೆ, ಒಂದು ಗಂಟೆ ಹಿಡಿಯಿರಿ. ಬೈಕ್ ಬೇಡ. ಗುಡ್ಡೆಹೊಸೂರು ದಾಟಿದ ಮೇಲೆ ಆನೆಕಾಡಿನಲ್ಲಿ ಮುಂಜಾನೆ ಮುಸ್ಸಂಜೆ ಆನೆಗಳು ರಸ್ತೆ ದಾಟುತ್ತವೆ; ಬೋಯಿಕೇರಿಯಿಂದ ಮೇಲೆ ಮಂಜು. ಮಳೆಗಾಲದ ಕೆಲವು ದಿನ ಮರ ಬಿದ್ದು ತಡವಾಗುತ್ತದೆ ಎಂದು ಶಾಖೆಯಲ್ಲಿ ಮೊದಲೇ ಹೇಳಿಡಲಿ. ಎರಡರ ನಡುವೆ ಇರಬೇಕೆನಿಸಿದರೆ ಅರ್ಧದಾರಿಯಲ್ಲಿ ಸುಂಟಿಕೊಪ್ಪವಿದೆ. ಚಿಕ್ಕ ಪೇಟೆ, ಬಾಡಿಗೆ ಮನೆಗಳು ಕಡಿಮೆ, ಆದರೂ ವಿಚಾರಿಸಬಹುದು.

ತೋಟದೊಳಗಿನ ಮನೆಯನ್ನು ದಯವಿಟ್ಟು ಬಿಡಿ. ಡಿಸೆಂಬರಿನಲ್ಲಿ ಅದಕ್ಕಿಂತ ಸುಖದ ಜಾಗವಿಲ್ಲ, ನಿಜ. ಆದರೆ ಮಗು ಶಾಲೆಯ ವ್ಯಾನ್ ಹತ್ತಲು ಕಾಫಿ ಗಿಡಗಳ ನಡುವೆ ನಡೆಯಬೇಕು, ಸಿದ್ದಾಪುರ, ನೆಲ್ಯಹುದಿಕೇರಿ, ಮಾಲ್ದಾರೆ, ತಿತಿಮತಿ ಕಡೆಗಳಲ್ಲಿ ಆನೆಗಳು ತೋಟದಲ್ಲೇ ಬೀಡುಬಿಟ್ಟಿರುತ್ತವೆ. ರಾತ್ರಿ ಅತ್ತೆಯವರಿಗೆ ಉಸಿರು ಕಟ್ಟಿದರೆ ಗೇಟಿನಿಂದ ಮನೆವರೆಗಿನ ಮಣ್ಣಿನ ದಾರಿಯಲ್ಲಿ ಗಾಡಿ ಹೂತುಕೊಳ್ಳಬಹುದು. ಕರೆಂಟ್ ಕೊನೆಗೆ ಬರುವುದೂ ಅಲ್ಲಿಗೇ. ತೋಟದವರಿಂದ ಒಂದು ಉಪಕಾರ ಮಾತ್ರ ಪಡೆಯಿರಿ. ಕೊಡಗಿನ ಬೆಳೆಗಾರರು ದಿನದ ಮಳೆಯನ್ನು ಇಂಚು ಸೆಂಟಿನಲ್ಲಿ (ಸೆಂಟ್ ಎಂದರೆ ಇಂಚಿನ ನೂರರಲ್ಲೊಂದು ಪಾಲು) ಅಳೆದು ಪುಸ್ತಕದಲ್ಲಿ ಬರೆದಿಡುತ್ತಾರೆ. ನೀವು ನೋಡಿದ ಮನೆಯ ಹತ್ತಿರದ ಯಾರಾದರೂ ಬೆಳೆಗಾರರನ್ನು ವಿನಯದಿಂದ ಕೇಳಿದರೆ ತೆರೆದು ತೋರಿಸುತ್ತಾರೆ. ಜುಲೈ, ಆಗಸ್ಟ್ ತಿಂಗಳ ಮೊತ್ತ ನೋಡಿದರೆ ಆ ಜಾಗದ ಹವೆ ನಿಮಗೆ ಅರ್ಥವಾಗುತ್ತದೆ.

ಕರಾರಿನಲ್ಲಿ ಮೂರು ಮಾತು ಬರೆಸಿ: ಸೋರಿಕೆ ರಿಪೇರಿ ಮಾಲೀಕರ ಖರ್ಚು; ಶೀಟ್, ದೋಣಿ ಪೈಪುಗಳನ್ನು ಮೃಗಶಿರ ಮಳೆಗೆ ಮುಂಚೆ ಸರಿಮಾಡಿಸಬೇಕು; ಪ್ರವಾಹ, ಭೂಕುಸಿತದ ಕಾರಣಕ್ಕೆ ಮನೆ ಖಾಲಿ ಮಾಡಬೇಕಾಗಿ ಬಂದರೆ ಅಡ್ವಾನ್ಸ್ ಪೂರ್ತಿ ವಾಪಸ್.

ಸೈಟಿನ ಮಾತು ಒಂದು ಪೂರ್ತಿ ಮಳೆಗಾಲ ಕಳೆದ ಮೇಲೆ ಎತ್ತಿ. ಕೊಡಗಿನ ಭೂದಾಖಲೆಗಳು ಬಯಲುಸೀಮೆಯಂತಲ್ಲ. ಜಮ್ಮಾ (ವಂಶಪಾರಂಪರ್ಯವಾಗಿ ಕುಟುಂಬಕ್ಕೆ ಬಂದ ಹಿಡುವಳಿ) ಜಾಗವಾದರೆ ಪಹಣಿಯಲ್ಲಿ ಕುಟುಂಬದ ಹಲವರ ಹೆಸರಿರುತ್ತದೆ, ಎಲ್ಲರ ಒಪ್ಪಿಗೆ ಸಹಿ ಇಲ್ಲದೆ ಮುಂಗಡ ಕೊಡಬೇಡಿ. ಪೈಸಾರಿ ಎಂದರೆ ಸರ್ಕಾರಿ ಜಾಗ, ಹಕ್ಕುಪತ್ರ ತೋರಿಸಿದರೂ ಅದನ್ನು ಮಾರಬಹುದೇ ಎಂದು ತಾಲ್ಲೂಕು ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಿ. ಗದ್ದೆ, ತೋಟ ಒಡೆದು ಮಾಡಿದ ಲೇಔಟಿಗೆ ಭೂ ಪರಿವರ್ತನೆಯ ಆದೇಶ, ನಗರಾಭಿವೃದ್ಧಿ ಪ್ರಾಧಿಕಾರ ಒಪ್ಪಿದ ನಕ್ಷೆ, ಇ-ಖಾತೆ, ಈ ಮೂರರಲ್ಲೂ ಸರ್ವೆ ನಂಬರ್ ಒಂದೇ ಇರಬೇಕು. ದಾಖಲೆಗಳನ್ನು ಕೊಡಗಿನ ಜಮೀನು ವ್ಯವಹಾರ ಬಲ್ಲ ಸ್ಥಳೀಯ ವಕೀಲರಿಗೆ ತೋರಿಸಿ, ಸೈಟನ್ನು ಮಾತ್ರ ಆಗಸ್ಟ್‌ನಲ್ಲಿ, ಮಳೆ ಹೊಡೆಯುತ್ತಿರುವಾಗಲೇ, ನೀವೇ ಕೊಡೆ ಹಿಡಿದು ಹೋಗಿ ನೋಡಿ.